ಕ್ಯಾಥರೀನ್, ವಯಸ್ಸು ಒಂಬತ್ತು

ಪಾಶ್ಚಾತ್ಯ ಸಂಗೀತದ ವಿಚಾರವಾಗಿ ಬರೆಯುವ ಅಧಿಕಾರ ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹನೂರಿನ ಕಡೆಯ ಹಳ್ಳಿಯೊಂದರಿಂದ ದಿನವೂ ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಬಂದುಹೋಗುವ, ಮನೆತನದಲ್ಲಿ ಮೊತ್ತಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನಗೆ ಚೆನ್ನಾಗಿ ತಿಳಿದ ತಂತಿವಾದ್ಯವೆಂದರೆ ನೀಲಗಾರರ ತಂಬೂರಿಯೊಂದೇ.

ಕಳೆದ ವರ್ಷ ನಮ್ಮ ಇಂಗ್ಲಿಷ್ ಅಧ್ಯಾಪಕರು ಶೋಕಗೀತೆಯ ಪಾಠ ಮಾಡುತ್ತ, ಮಾತೇ ಇಲ್ಲದ ಶೋಕಗೀತೆಯೂ ಉಂಟೆಂದು ಹೇಳಿ ತಮ್ಮ ಮೊಬೈಲಿನಲ್ಲಿ ಒಂದು ಕೃತಿಯನ್ನು ಕೇಳಿಸಿದರು. ಹಿಂದಿನ ಬೆಂಚಿನವರು ನಕ್ಕರು. ನಾನೂ ನಕ್ಕೆ. ಅನಂತರ ಅವರು ಅದರ ಹೆಸರನ್ನು ಕನ್ನಡಿಸಿ ಹಲಗೆಯ ಮೇಲೆ ಬರೆದರು: ‘ಪ್ರಲಾಪ, ಕ್ಯಾಥರೀನಳಿಗೆ, ವಯಸ್ಸು ಒಂಬತ್ತು, ಲುಸಿಟೇನಿಯ, 1915.’ ನನ್ನ ನಗು ಅಲ್ಲಿಗೆ ನಿಂತಿತು.

1915ರ ಮೇ 7ರಂದು ಐರ್ಲೆಂಡಿನ ದಕ್ಷಿಣ ತೀರದ ಬಳಿ ಜರ್ಮನಿಯ ಜಲಾಂತರ್ಗಾಮಿಯೊಂದು ಲುಸಿಟೇನಿಯ ಎಂಬ ಪ್ರಯಾಣಿಕರ ಹಡಗಿಗೆ ಟಾರ್ಪಿಡೊ ಹೊಡೆಯಿತು. ಹಡಗು 18 ನಿಮಿಷಗಳಲ್ಲಿ ಮುಳುಗಿತು. ಸುಮಾರು 1,200 ಜನ ಸತ್ತರು. ಅವರಲ್ಲಿ ಕ್ರಾಂಪ್ಟನ್ ಎಂಬ ಸಂಸಾರವಿತ್ತು: ತಂದೆ, ತಾಯಿ, ಆರು ಮಕ್ಕಳು. ಒಬ್ಬರೂ ಉಳಿಯಲಿಲ್ಲ. ಕ್ಯಾಥರೀನ್ ಆ ಮಕ್ಕಳಲ್ಲೊಬ್ಬಳು. ಫ್ರಾಂಕ್ ಬ್ರಿಡ್ಜ್ ಎಂಬ ಆಂಗ್ಲ ಸಂಗೀತಗಾರ, ತಾನೂ ವಯೋಲಾ ನುಡಿಸುತ್ತಿದ್ದವನು, ಮುಂದಿನ ತಿಂಗಳೇ ಇದನ್ನು ತಂತಿವಾದ್ಯಗಳಿಗೆಂದು ರಚಿಸಿದ. ಸತ್ತವರು ಅಷ್ಟು ಜನ. ಹೆಸರು ಹಿಡಿದು ಕರೆದದ್ದು ಆ ಹುಡುಗಿಯೊಬ್ಬಳನ್ನು. ಕೇಳಲು ಐದು ನಿಮಿಷವೇ ಸಾಕು. ಅಳುವ ಹೆಂಗಸು ಉಸಿರಿಗಾಗಿ ನಿಂತು ಮತ್ತೆ ಮೊದಲಿಟ್ಟಂತೆ ಅದು ಸಾಗುತ್ತದೆ.

ತರಗತಿ ಮುಗಿದ ಮೇಲೆ ಯಳಂದೂರಿನ ಗೆಳೆಯನೊಬ್ಬ, ಇಂಥ ಸಂಗೀತವೇನು ನಮಗೆ ಹೊಸದೇ, ಲಂಡನ್ನಿನಲ್ಲಿ 1950ರಲ್ಲಿ ರಿಚರ್ಡ್ ಸ್ಟ್ರೌಸನ ಕಡೆಯ ನಾಲ್ಕು ಗೀತೆಗಳನ್ನು ಮೊದಲು ಹಾಡಿಸಿದ್ದು ನಮ್ಮ ಜಯಚಾಮರಾಜ ಒಡೆಯರ ಹಣವಲ್ಲವೇ ಎಂದು ಬೀಗಿದ. ಅವನು ಬೀಗಬಹುದು. ಕೊಳ್ಳೇಗಾಲದವರಾದ ನಾವು 1956ರವರೆಗೆ ಮದರಾಸಿನವರು, ಕೊಯಮತ್ತೂರು ಜಿಲ್ಲೆಯವರು!

ನನ್ನ ತಂಗಿ ಜ್ವರದಿಂದ ತೀರಿಕೊಂಡಾಗ ಅವಳಿಗೂ ಒಂಬತ್ತು. ನಾನು ಹನ್ನೆರಡರ ಹುಡುಗ. ಅದೇ ವರ್ಷ ತಾತ ಹೋದಾಗ ನೀಲಗಾರರು ಬಂದು ಬೆಳಗಿನವರೆಗೆ ಮಂಟೇಸ್ವಾಮಿಯ, ಸಿದ್ದಪ್ಪಾಜಿಯ ಪದ ಹಾಡಿದ್ದರು. ತಂಗಿಗೆ ಯಾರೂ ಹಾಡಲಿಲ್ಲ. ಮಕ್ಕಳಿಗೆ ತಂಬೂರಿ ಕರೆಸುವುದು ನಮ್ಮ ಮನೆಯ ವಾಡಿಕೆಯಲ್ಲ; ಹೊತ್ತು ಮುಳುಗುವುದರೊಳಗೆ ಹೊಲದ ಮೂಲೆಯಲ್ಲಿ ಮಣ್ಣು ಮಾಡಿ ಬಂದರು. ಅವ್ವ ಮಾತ್ರ ಅವಳ ಲಂಗ, ಅವಳ ಸ್ಲೇಟು, ತಟ್ಟೆಯಲ್ಲಿ ಬಿಟ್ಟುಹೋದ ಮುದ್ದೆ ಎಲ್ಲವನ್ನೂ ಹೇಳಿಕೊಂಡು ಅತ್ತಳು. ಹಿರಿಯರು, “ಸಾಕು ಸುಮ್ಮನಿರವ್ವ, ಇರೋ ಮಗನ ಮಖ ನೋಡು” ಎಂದರು. ಆ ‘ಇರೋ ಮಗ’ ನಾನು.

ಆ ಸಂಜೆ ಮನೆಗೆ ಹೋದಾಗ ಅವ್ವ ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದಳು. ಯಾಕೆ ಹಾಗೆ ಮಾಡಿದೆನೋ, ಇಯರ್‌ಫೋನನ್ನು ಅವಳ ಕಿವಿಗೆ ಸಿಕ್ಕಿಸಿದೆ. ಸ್ವಲ್ಪ ಹೊತ್ತು ಕೇಳಿ,

“ಮಾತೇ ಇಲ್ವಲ್ಲ. ಯಾರು ತೀರ್ಕಂಡದ್ದು ಮೊಗಾ?” ಎಂದಳು.

“ಒಂದು ಹೆಣ್ಣುಮಗು ಕನವ್ವ. ಒಂಬತ್ತು ವರ್ಷ.”

ಸೊಪ್ಪು ಹಾಕುತ್ತಿದ್ದ ಕೈ ನಿಂತಿತು. ತಟ್ಟೆಗಳಲ್ಲಿ ಹುಳು ಸೊಪ್ಪು ಮೇಯುವ ಸದ್ದು ಮಳೆಯಂತೆ ಕೇಳುತ್ತಿತ್ತು.

“ಅವಳವ್ವ?”

“ಅವಳೂ ಜೊತೆಯಲ್ಲೇ ಹೋದಳಂತೆ.”

“ಪುಣ್ಯವಂತೆ” ಎಂದಳು ಅವ್ವ. ನಾನು ಎದುರಿಗೇ ನಿಂತಿದ್ದೆ. ಆಮೇಲೆ ನನ್ನ ಮುಖವನ್ನು ನೋಡದೆಯೇ, “ಇನ್ನೊಂದ್ಸಲ ಹಾಕು” ಎಂದಳು.