ಸೋತ ಪಂದ್ಯದ ಗೋಲು

ಮನುಷ್ಯನು ದುಡಿಯುವುದು ಸಂಬಳಕ್ಕೆ, ಬಡ್ತಿಗೆ ಎನ್ನುವುದು ವಾಡಿಕೆ. ಪೂರ್ತಿ ಸುಳ್ಳೇನಲ್ಲ. ಆದರೆ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಅಹಮದ್ ಖಾನರು ಓಡಿದುದು ಯಾತಕ್ಕೆ? ಭಾರತದ ಎದುರು ಯುಗೋಸ್ಲಾವಿಯವು ಹತ್ತು ಗೋಲು ಹೊಡೆದ ಫುಟ್‌ಬಾಲ್ ಪಂದ್ಯವದು. ಆಟ ಮುಗಿಯುವ ಹೊತ್ತು. ಓಡಿದರೂ ಸೋಲು, ನಿಂತರೂ ಸೋಲು. ಖಾನರು ಓಡಿದರು. ಭಾರತದ ಏಕೈಕ ಗೋಲು ಅವರದಾಯಿತು. ಏಷ್ಯನ್ ಕ್ರೀಡಾಕೂಟದ ಚಿನ್ನ ಹಿಂದಿನ ವರ್ಷವೇ ಕೈಸೇರಿತ್ತು. ಆ ಗೋಲಿನಿಂದ ಹೊಸದಾಗಿ ಬರುವುದೇನೂ ಇರಲಿಲ್ಲ. ಚೆಂಡು ಎದುರಿಗಿತ್ತು, ಅಷ್ಟೆ.

ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ಅವರು 1949ರಿಂದ 1959ರವರೆಗೆ ಆಡಿದರು. ಅವರನ್ನೂ ನಾಲ್ವರು ಜೊತೆಗಾರರನ್ನೂ ಅಲ್ಲಿಯ ಜನ ‘ಪಂಚಪಾಂಡವರು’ ಎಂದು ಕರೆದರು. ಐವರೂ ದಕ್ಷಿಣದವರೇ! ಖಾನರು ತೀರಿಕೊಂಡದ್ದು 2017ರಲ್ಲಿ, ಬೆಂಗಳೂರಿನಲ್ಲೇ, ತೊಂಬತ್ತರ ವಯಸ್ಸಿನಲ್ಲಿ.