ಬಿಚ್ಚದ ಬುತ್ತಿ

ಕಳೆದ ವರ್ಷ ದಿಲ್ಲಿಯ ಅಂತರಶಾಲಾ ಭಾಷಣ ಸ್ಪರ್ಧೆಗೆ ಹೋದಾಗ, ಇತರರ ಹೊಂಬಣ್ಣದ ಪೂರಿಗಳ ನಡುವೆ ನಮ್ಮ ಕಪ್ಪನೆಯ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಯ ಬುತ್ತಿಯನ್ನು ಬಿಚ್ಚಲು ನಾವು ನಾಚಿದೆವು. ಸಂಜೆ ಬಿಚ್ಚದ ಬುತ್ತಿಯನ್ನು ಕಂಡ ತಾಯಿ ಏನನ್ನೂ ಕೇಳಲಿಲ್ಲ.

ಬಳಿಕ ಝುಂಪಾ ಲಾಹಿರಿಯವರ ‘ದಿ ನೇಮ್‌ಸೇಕ್’ (2003) ಕಾದಂಬರಿಯನ್ನು ಓದಿದೆವು. ಅದರ ಆರಂಭದಲ್ಲಿ, 1968ರ ಅಮೆರಿಕೆಯಲ್ಲಿ, ತುಂಬುಗರ್ಭಿಣಿ ಆಶಿಮಾ ಅಲ್ಲಿ ದೊರೆತ ಪೊಟ್ಟಣದ ಅರಳಿಗೆ ಕಡಲೆಕಾಯಿ, ಈರುಳ್ಳಿ, ಹಸಿಮೆಣಸಿನಕಾಯಿ ಬೆರೆಸಿ ಕಲ್ಕತ್ತೆಯ ಬೀದಿಯ ಖಾರಮಂಡಕ್ಕಿಯನ್ನು ನೆನೆಯುತ್ತಾಳೆ. ಸಾಸಿವೆಯೆಣ್ಣೆ ಇಲ್ಲವೆಂದು ಕೊರಗುತ್ತಾಳೆ. ದೊರೆಯದ ರುಚಿಗಾಗಿ ಆಕೆ ಹಂಬಲಿಸಿದಳು. ದೊರೆತ ರುಚಿಯನ್ನು ನಾವು ಮರೆಮಾಡಿದೆವು! ತಾಯಿಯ ಮೌನದ ಅರ್ಥ ನಮಗೆ ಆಗ ಆಯಿತು.

ಈ ವರ್ಷದ ಸ್ಪರ್ಧೆಗೆ ಎರಡು ರೊಟ್ಟಿಗಳನ್ನು ಹೆಚ್ಚಾಗಿ ಕಟ್ಟಿಸಿಕೊಂಡು ಹೊರಟಿದ್ದೇವೆ, ಗೆಳೆಯರೊಡನೆ ಹಂಚಿ ಉಣ್ಣಲು.