ತಾಳ ತಪ್ಪಿದ ಎದೆ, ಬಿಗಿದ ಕಿವಿ

ಕಾಯಿಲೆಗೂ ಒಂದು ಅಂತಸ್ತು ಬೇಕು. ಸಕ್ಕರೆ ಕಾಯಿಲೆ, ಬಿ.ಪಿ. ಎಂದರೆ ನಮ್ಮ ಗಂಜಾಂನಲ್ಲಿ ಜಗುಲಿಯ ಮೇಲೆ ಕೂತವರಿಗೆಲ್ಲ ಥಟ್ಟನೆ ಅರ್ಥವಾಗುತ್ತದೆ. ಒಬ್ಬರು ಮಾತ್ರೆಯ ಹೆಸರು ಹೇಳಿದರೆ ಇನ್ನೊಬ್ಬರು ಹಾಗಲಕಾಯಿ ರಸದ ಅಳತೆ ಹೇಳುತ್ತಾರೆ. ನನ್ನ ಕಾಯಿಲೆಗೆ ಆ ಭಾಗ್ಯವಿಲ್ಲ. ಏಟ್ರಿಯಲ್ ಫಿಬ್ರಿಲೇಷನ್ ಎಂದರೆ, "ಅದೇನ್ ಮೇಷ್ಟ್ರೇ, ರಿಟೈರ್ ಆದ್ಮೇಲೂ ಇಂಗ್ಲಿಷ್ ಪಾಠ ಬಿಡಲ್ವಾ?" ಎನ್ನುತ್ತಾರೆ. ಜೊತೆಗೆ ತಲೆ, ಕಿವಿಗಳಲ್ಲಿ ಏನೋ ಬಿಗಿತ ಎಂದುಬಿಟ್ಟರೆ ಮುಗಿಯಿತು. "ವಯಸ್ಸಾಯ್ತಲ್ಲ" ಎಂಬ ತೀರ್ಪು ಹೊರಬೀಳುತ್ತದೆ.

ವಿಷಯ ಅಷ್ಟೇನೂ ಕಷ್ಟದ್ದಲ್ಲ. ಹೃದಯದ ಮೇಲಿನ ಎರಡು ಕೋಣೆಗಳಿಗೆ ಹೃತ್ಕರ್ಣ ಎಂದು ಹೆಸರು. ಬಲಗಡೆಯ ಹೃತ್ಕರ್ಣದಲ್ಲಿರುವ ಪುಟ್ಟ ಗಂಟೊಂದು ತಾಳ ಹಾಕುತ್ತದೆ, ಉಳಿದ ಮೇಳವೆಲ್ಲ ಅದನ್ನು ಅನುಸರಿಸುತ್ತದೆ. ನನ್ನ ಎದೆಯಲ್ಲಿ ಆ ತಾಳದವನ ಮಾತು ನಡೆಯುವುದಿಲ್ಲ. ಈ ಕಾಯಿಲೆಯಲ್ಲಿ ಹೃತ್ಕರ್ಣಗಳು ನಿಮಿಷಕ್ಕೆ 350ರಿಂದ 600 ಸಲ ಸುಮ್ಮನೆ ಅದುರುತ್ತವೆ. ಕೆಳಗಿನ ಕೋಣೆಗಳಿಗೆ ಅವುಗಳಲ್ಲಿ ಕೆಲವು ಮಾತ್ರ, ಮನಸ್ಸಿಗೆ ಬಂದಂತೆ ತಲುಪುತ್ತವೆ. ನಾಡಿ ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ, ಒಮ್ಮೆ ಮುಗ್ಗರಿಸುತ್ತದೆ.

ಇದರ ಬೀಜ ಬಿದ್ದದ್ದು ನನ್ನ ಹತ್ತನೆಯ ವಯಸ್ಸಿನಲ್ಲಿ. ಗಂಟಲು ನೋವು, ಅದರ ಹಿಂದೆಯೇ ಜ್ವರ, ಕೀಲು ಊತ. ವಾಸಿಯಾಯಿತೆಂದು ಎಲ್ಲರೂ ಮರೆತರು. ಹೃದಯದ ಕವಾಟವೊಂದು ಮಾತ್ರ ಮರೆಯಲಿಲ್ಲ. ವರ್ಷ ಕಳೆದಂತೆ ಅದು ಕಿರಿದಾಗುತ್ತ ಬಂತು. ಆರು ವರ್ಷದ ಹಿಂದೆ ಕರಿಘಟ್ಟದ ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ಉಸಿರು ಕಟ್ಟಿತು. ಮೈಸೂರಿನಲ್ಲಿ ಇಸಿಜಿ ತೆಗೆದವರು ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ, "ಯಾವಾಗಿಂದ ಹೀಗೆ?" ಎಂದರು.

ಎದೆ ಬಡಿತಕ್ಕಿಂತ ಹೆಚ್ಚು ಹೆದರಬೇಕಾದದ್ದು ರಕ್ತ ಹೆಪ್ಪುಗಟ್ಟುವುದಕ್ಕೆ. ಅದುರುವ ಕೋಣೆಯಲ್ಲಿ ರಕ್ತ ಸರಿಯಾಗಿ ಹರಿಯದೆ ಮೂಲೆಯಲ್ಲಿ ನಿಲ್ಲುತ್ತದೆ. ಅಲ್ಲಿ ಕಟ್ಟಿದ ಹೆಪ್ಪು ಮಿದುಳಿಗೆ ಹೊರಟರೆ ಲಕ್ವ. ಅದಕ್ಕಾಗಿ ನನಗೆ ವಾರ್ಫರಿನ್ ಮಾತ್ರೆ. ಹೊಸ ಮಾತ್ರೆಗಳು ಬಂದಿವೆ, ಆದರೆ ನನ್ನಂತೆ ಕವಾಟ ಕಿರಿದಾದವರಿಗೆ ಹಳೆಯದೇ ಮೇಲು ಎಂದರು ವೈದ್ಯರು. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ಕೊಳೆತ ಹುಲ್ಲು ತಿಂದ ದನಗಳು ರಕ್ತ ಸುರಿದು ಸಾಯುತ್ತಿದ್ದವಂತೆ. ಅದರ ಕಾರಣ ಹುಡುಕುತ್ತ ಹೋದವರಿಗೆ ಸಿಕ್ಕ ವಸ್ತುವಿನ ಸಂತತಿ ಇದು. 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರ ಔಷಧವಾಯಿತು. ಇದನ್ನು ಹೇಳಿದಾಗ ನನ್ನಾಕೆ, "ಇಲಿ ಪಾಷಾಣ ತಿಂದು ಬದುಕೋ ಗಂಡ ನನಗೊಬ್ಬಳಿಗೇ ಸಿಕ್ಕಿದ್ದು" ಎಂದಳು.

ಅವಳ ನಿಜವಾದ ಜಗಳ ಸೊಪ್ಪಿನದು. ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಮಾತ್ರೆಯ ಬಲ ಕುಗ್ಗಿಸುತ್ತದೆ. ಮಂಡ್ಯ ಜಿಲ್ಲೆಯವನಿಗೆ ಬಸ್ಸಾರು ಇಲ್ಲದ ಮುದ್ದೆ ಎಂದರೆ ಏನು ಶಿಕ್ಷೆ! ವೈದ್ಯರನ್ನು ಕೇಳಿದರೆ, "ಬಿಡಬೇಡಿ, ವಾರದಿಂದ ವಾರಕ್ಕೆ ಒಂದೇ ಅಳತೆಯಲ್ಲಿ ತಿನ್ನಿ" ಎಂದರು. ಈಗ ಮಂಗಳವಾರ, ಶುಕ್ರವಾರ ಬಸ್ಸಾರು. ತಿಂಗಳಿಗೊಮ್ಮೆ ಐ.ಎನ್.ಆರ್. ರಕ್ತ ಪರೀಕ್ಷೆ. ಅದು 2ರಿಂದ 3ರ ಒಳಗಿರಬೇಕು. ಇಳಿದರೆ ಹೆಪ್ಪಿನ ಭಯ, ಏರಿದರೆ ರಕ್ತಸ್ರಾವದ ಭಯ.

ಕಿವಿಯ ಕಥೆಯೇ ಬೇರೆ. ಬಸ್ಸು ಘಾಟಿ ಇಳಿಯುವಾಗ ಕಿವಿ ಮುಚ್ಚಿಕೊಳ್ಳುತ್ತದಲ್ಲ, ಅದು ಇಳಿದ ಮೇಲೂ ಬಿಡದಿದ್ದರೆ ಹೇಗೋ ಹಾಗೆ. ಸಂಗಮದಲ್ಲಿ ಮುಳುಗು ಹಾಕಿ ತಲೆಯೆತ್ತದೆ ಉಳಿದಂತೆ. ನೆತ್ತಿಯ ಸುತ್ತ ಯಾರೋ ಪೇಟ ಬಿಗಿದು ಕಟ್ಟಿದಂತೆ. ರಾತ್ರಿ ದಿಂಬಿಗೆ ಕಿವಿ ಆನಿಸಿದರೆ ತಾಳ ತಪ್ಪಿದ ಎದೆಯ ಸದ್ದು ಒಳಗೇ ಕೇಳುತ್ತದೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಸದ್ದೇ ಬಾರದ ಕೋಣೆಯೊಳಗೆ ಕೂರಿಸಿ ಶ್ರವಣ ಪರೀಕ್ಷೆ ಮಾಡಿದರು, ಕಿವಿಯ ತಮಟೆಯ ಹಿಂದಿನ ಒತ್ತಡ ಅಳೆದರು. ಎಲ್ಲ ಸರಿಯಿದೆ. ತಲೆಯ ಸ್ಕ್ಯಾನ್ ಸರಿಯಿದೆ. ಕಿವಿಯವರು ನರದವರ ಕಡೆ, ನರದವರು ಹೃದಯದವರ ಕಡೆ ಕೈ ತೋರಿದರು. ಹೃದಯದವರು, "ತಲೆ ನಮ್ಮ ವಿಭಾಗಕ್ಕೆ ಬರೋಲ್ಲ" ಎಂದು ನಕ್ಕರು. ಫೈಲು ದಪ್ಪವಾಯಿತು, ಎಲ್ಲ ಹಾಳೆಯ ಕೊನೆಗೂ ಒಂದೇ ಮಾತು: ನಾರ್ಮಲ್.

ಕಾರಣ ತಿಳಿಯದ ನೋವಿಗೆ ಊರೆಲ್ಲ ವೈದ್ಯರು. ಬೆಳ್ಳುಳ್ಳಿ ಎಣ್ಣೆ ಬಿಡಿ ಎಂದವರುಂಟು, ನೆಗಡಿ ಮಾತ್ರೆ ತಂದುಕೊಟ್ಟವರುಂಟು. ಮೂಗು ಕಟ್ಟಿದ್ದನ್ನು ಬಿಡಿಸುವ ಕೆಲವು ಮಾತ್ರೆಗಳು ಎದೆಬಡಿತವನ್ನು ಇನ್ನಷ್ಟು ಓಡಿಸುತ್ತವೆ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ವಾರ್ಫರಿನ್ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರೀತು. ನಮ್ಮಂಥವರು ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುವ ಹಾಗಿಲ್ಲ.

ಎಲ್ಲಕ್ಕಿಂತ ಕಷ್ಟ, ನಡುರಾತ್ರಿ ತಲೆ ಬಿಗಿದಾಗ. ಇದು ದಿನದ ಬಿಗಿತವೋ, ಆ ಹೆಪ್ಪೋ? ಅದಕ್ಕೆ ನಮ್ಮ ಮನೆಯಲ್ಲೊಂದು ಪರೀಕ್ಷೆಯಿದೆ. ದೀಪ ಹಾಕಿ ನನ್ನಾಕೆ ಎದುರು ಕೂರುತ್ತಾಳೆ. "ಏನ್ರೀ, ಸ್ವಲ್ಪ ನಗಿ ನೋಡೋಣ." ನಗುತ್ತೇನೆ, ಬಾಯಿ ಸೊಟ್ಟಗಾಗಿಲ್ಲ. "ಎರಡೂ ಕೈ ಎತ್ತಿ." ಎತ್ತುತ್ತೇನೆ, ಯಾವುದೂ ಜೋಲುವುದಿಲ್ಲ. "ನಿಮ್ಮ ಹೆಸರು, ಊರು ಹೇಳಿ." ತೊದಲಿಲ್ಲದೆ ಹೇಳುತ್ತೇನೆ. ಮಲಗುತ್ತೇವೆ. ಮೂರರಲ್ಲಿ ಒಂದು ತಪ್ಪಿದರೂ, ಎಂದೂ ಕಾಣದ ತಲೆನೋವು ಸಿಡಿಲಿನಂತೆ ಬಂದರೂ, ಬೆಳಗಾಗಲಿ ಎನ್ನದೆ ಮೈಸೂರಿಗೆ ಹೊರಡಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಸಮಯ ನಾಲ್ಕೂವರೆ ಗಂಟೆ. ವಾರ್ಫರಿನ್ ತಿನ್ನುವವನೆಂದು ಬಾಗಿಲಲ್ಲೇ ಹೇಳಬೇಕು. ಆ ಚೀಟಿ ನನ್ನ ಜೇಬಿನಲ್ಲೂ ಇದೆ, ಅವಳ ಪರ್ಸಿನಲ್ಲೂ ಇದೆ.

ನಮ್ಮೂರ ನಿಮಿಷಾಂಬೆ ಒಂದೇ ನಿಮಿಷದಲ್ಲಿ ಭಕ್ತರ ಮೊರೆ ಕೇಳುತ್ತಾಳೆಂಬ ನಂಬಿಕೆ. ನನಗೂ ಒಂದು ನಿಮಿಷದ ಸೇವೆ ಇದೆ. ಬೆಳಿಗ್ಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಎಣಿಸುತ್ತೇನೆ. ತಾಳ ತಪ್ಪಿದ ನಾಡಿಯನ್ನು ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಪೂರ್ತಿ ನಿಮಿಷ ಬೇಕು. ಸುಮ್ಮನೆ ಕೂತಾಗ 110 ದಾಟಬಾರದೆಂಬುದು ನನಗೆ ಹಾಕಿರುವ ಗೆರೆ.

ಪಕ್ಕದಲ್ಲಿ ಕಿವಿಯ ಬಿಗಿತಕ್ಕೂ ಒಂದು ಕಲಮು ಮಾಡಿದ್ದೇನೆ. ಯಾರೂ ಬರೆಯಲು ಹೇಳಿದ್ದಲ್ಲ. ಆದರೆ ಪರೀಕ್ಷೆಯಲ್ಲಿ ಸಿಗಲಿಲ್ಲವೆಂದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ. ಬರೆದಿಟ್ಟ ಮೇಲೆ ಅದರ ನಡೆ ಸ್ವಲ್ಪ ತಿಳಿದಿದೆ: ನಿದ್ದೆಗೆಟ್ಟ ಮರುದಿನ ಹೆಚ್ಚು, ಸಂಜೆ ಹೊಳೆಯ ಕಡೆ ನಡೆದ ದಿನ ಕಡಿಮೆ. ಹೆಸರು ಗೊತ್ತಿಲ್ಲದ ನೆಂಟನಾದರೂ ಬರುವ ಹೊತ್ತು ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಇವತ್ತಿನ ಪುಟದಲ್ಲಿ ಹೀಗಿದೆ: "ನಾಡಿ 84. ಕಿವಿ ಬಿಗಿತ ಮಧ್ಯಾಹ್ನದವರೆಗೆ. ಶುಕ್ರವಾರ, ದಂಟಿನ ಸೊಪ್ಪಿನ ಬಸ್ಸಾರು."